ಎಕ್ಸ್‌ಕಾಮ್ 2 ಮೊದಲ ಸಲ ಆಡುವವರಿಗೆ: ಗುಂಡು ಹಾರಿಸುವ ಮುಂಚೆ ಏನು ಮಾಡಬೇಕು?

"85 ಪರ್ಸೆಂಟ್ ಅಂತ ತೋರಿಸ್ತಿತ್ತು, ಆದ್ರೂ ಗುಂಡು ತಪ್ಪಿತು. ಈ ಗೇಮ್ ಮೋಸ ಮಾಡುತ್ತಾ?"

ಎಕ್ಸ್‌ಕಾಮ್ 2 ಶುರು ಮಾಡಿದವರು ಮೊದಲು ಕೇಳುವುದೇ ಇದನ್ನು. ಇದರ ಹಿಂದೆಯೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ನನ್ನ ಸೈನಿಕರೆಲ್ಲ ಯಾಕೆ ಇಷ್ಟು ಬೇಗ ಸಾಯುತ್ತಾರೆ? ಹಡಗಿನಲ್ಲಿ ಮೊದಲು ಏನು ಕಟ್ಟಬೇಕು? ಮೂರಕ್ಕೂ ಇಲ್ಲಿ ಹಂತ ಹಂತವಾಗಿ ಉತ್ತರ ಕೊಡುತ್ತೇನೆ.

ಮೊದಲನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಗೇಮ್ ನಿಮಗೆ ಮೋಸ ಮಾಡುವುದಿಲ್ಲ. ಸುಲಭದ ಹಂತಗಳಲ್ಲಂತೂ ತೆರೆಯ ಹಿಂದೆ ನಿಮಗೇ ಸ್ವಲ್ಪ ಸಹಾಯ ಮಾಡುತ್ತದೆ. ತೊಂದರೆ ಇರುವುದು ನಾವು ಆ ಸಂಖ್ಯೆಯನ್ನು ಓದುವ ರೀತಿಯಲ್ಲಿ. 85 ಅಂದರೆ ನೂರಕ್ಕೆ ಹದಿನೈದು ಸಲ ತಪ್ಪುತ್ತದೆ ಅಂತ. ನಾಲ್ಕು ಜನ ತಲಾ 85ರಲ್ಲಿ ಗುಂಡು ಹಾರಿಸಿದರೆ, ನಾಲ್ಕೂ ತಾಗುವ ಸಾಧ್ಯತೆ ಸುಮಾರು 52 ಪರ್ಸೆಂಟ್ ಅಷ್ಟೇ. ಎಲ್ಲ ಗುಂಡೂ ತಾಗಲೇಬೇಕು ಅನ್ನುವ ಲೆಕ್ಕದಲ್ಲಿ ಆಡಿದರೆ, ಎರಡು ಸಲಕ್ಕೆ ಒಂದು ಸಲ ಕೈಕೊಡುತ್ತದೆ. ಈ ಆಟದಲ್ಲಿ ನಿಜವಾದ ಕೆಲಸ ನಡೆಯುವುದು ಗುಂಡು ಹಾರಿಸುವ ಮುಂಚೆ. ಆ ಸಂಖ್ಯೆಯನ್ನು ಮೇಲೆತ್ತುವುದು, ತಪ್ಪಿದರೂ ಬದುಕುವಂತೆ ನಿಲ್ಲುವುದು, ಇವೆರಡೇ. ಕೆಳಗಿನ ಎಲ್ಲ ಹಂತಗಳೂ ಇದರ ಸುತ್ತಲೇ ತಿರುಗುತ್ತವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಎಕ್ಸ್‌ಕಾಮ್ 2 ಅನ್ನು ಮಾಡಿದ್ದು ಫಿರಾಕ್ಸಿಸ್ ಸ್ಟುಡಿಯೋ. ಪಿಸಿಗೆ ಬಂದಿದ್ದು ಫೆಬ್ರವರಿ 2016ರಲ್ಲಿ, ಅದೇ ವರ್ಷ ಕನ್ಸೋಲ್‌ಗಳಿಗೂ ಬಂತು. 2020ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಐಫೋನ್, ಐಪ್ಯಾಡ್‌ಗೂ ಬಂತು. ಇದರ ಮೂಲ 1994ರ ಆಟವೊಂದರಲ್ಲಿದೆ, ಆದರೆ ಹಳೆಯದನ್ನು ಆಡಿರಲೇಬೇಕು ಅಂತೇನಿಲ್ಲ. 2012ರ ಎಕ್ಸ್‌ಕಾಮ್: ಎನಿಮಿ ಅನ್‌ನೋನ್‌ನಲ್ಲಿ ಅನ್ಯಗ್ರಹದವರ ವಿರುದ್ಧ ಮನುಷ್ಯರು ಸೋತರು ಅಂದುಕೊಂಡೇ ಇದರ ಕಥೆ ಶುರುವಾಗುತ್ತದೆ. ಈಗ 2035. ಇಪ್ಪತ್ತು ವರ್ಷದಿಂದ ಭೂಮಿಯನ್ನು ಆಳುತ್ತಿರುವುದು ಅಡ್ವೆಂಟ್ ಅನ್ನುವ ಕೈಗೊಂಬೆ ಸರ್ಕಾರ. ನೀವು ಬಂಡಾಯಗಾರರ ಕಮಾಂಡರ್. ವಶಪಡಿಸಿಕೊಂಡ ಅವೆಂಜರ್ ಅನ್ನುವ ಹಡಗೇ ನಿಮ್ಮ ನೆಲೆ.

ಆಟಕ್ಕೆ ಎರಡು ಭಾಗ. ಒಂದು, ನೆಲದ ಮೇಲೆ ಸರದಿಯಂತೆ ನಡೆಯುವ ಕದನ. ಇನ್ನೊಂದು, ಹಡಗು ಮತ್ತು ಭೂಪಟ ನೋಡಿಕೊಳ್ಳುವ ಕೆಲಸ. ಮೊದಲ ಕೆಲವು ಗಂಟೆ ಕದನದ ಕಡೆಗೇ ಗಮನ ಕೊಡಿ.

ಹಂತ 1: ಹೊಸ ಆಟ ಶುರು ಮಾಡುವಾಗ

ಕಷ್ಟದ ಮಟ್ಟಗಳು ನಾಲ್ಕು: ರೂಕಿ, ವೆಟರನ್, ಕಮಾಂಡರ್, ಲೆಜೆಂಡ್. ಸರದಿ ಆಟಗಳ ರೂಢಿ ಸ್ವಲ್ಪವಾದರೂ ಇದ್ದರೆ ವೆಟರನ್ ತಗೊಳ್ಳಿ. ಇಂಥ ಆಟ ಇದೇ ಮೊದಲು ಅನ್ನುವವರು ರೂಕಿಯಲ್ಲಿ ಶುರು ಮಾಡಿ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಐರನ್‌ಮ್ಯಾನ್ ಆಯ್ಕೆಯನ್ನು ಮುಟ್ಟಬೇಡಿ. ಅದರಲ್ಲಿ ಇರುವುದು ಒಂದೇ ಸೇವ್, ಹಿಂದಕ್ಕೆ ಹೋಗುವ ದಾರಿ ಇಲ್ಲ. ಕಲಿಯುವ ಹೊತ್ತಿನಲ್ಲಿ ಪ್ರತಿ ಮಿಷನ್‌ಗೂ ಮುಂಚೆ ಒಂದು ಸೇವ್ ಇಟ್ಟುಕೊಳ್ಳಿ. ಒಂದು ಗುಂಡು ತಪ್ಪಿತು ಅಂತ ಲೋಡ್ ಮಾಡಿ ಅದೇ ಗುಂಡನ್ನು ಮತ್ತೆ ಹಾರಿಸಿದರೆ ಪ್ರಯೋಜನ ಇಲ್ಲ. ಅದೇ ಕ್ರಮದಲ್ಲಿ ಅದೇ ಕೆಲಸ ಮಾಡಿದರೆ ಬರುವುದೂ ಅದೇ ಫಲ.

ಟ್ಯುಟೋರಿಯಲ್ ಅನ್ನು ಒಂದು ಸಲ ಆಡಿ. ಅದರಲ್ಲಿ ಕೆಲವು ಸೈನಿಕರು ಕಥೆಯ ಪ್ರಕಾರವೇ ಸಾಯುತ್ತಾರೆ, ನೀವೇನೋ ತಪ್ಪು ಮಾಡಿದಿರಿ ಅಂದುಕೊಳ್ಳಬೇಡಿ. ವಾರ್ ಆಫ್ ದಿ ಚೋಸನ್ ಅನ್ನುವ 2017ರ ದೊಡ್ಡ ವಿಸ್ತರಣೆಯೂ ನಿಮ್ಮ ಹತ್ತಿರ ಇರಬಹುದು. ಅದು ಬಹಳ ಒಳ್ಳೆಯದು, ಆದರೆ ಮೊದಲ ಆಟಕ್ಕೆ ಬೇಡ. ಒಂದೇ ಸಲಕ್ಕೆ ಕಲಿಯಬೇಕಾದ್ದು ತುಂಬಾ ಜಾಸ್ತಿ ಆಗುತ್ತದೆ.

ಹಂತ 2: ತೆರೆಯನ್ನು ಓದಲು ಕಲಿಯಿರಿ

ಪ್ರತಿ ಸೈನಿಕನಿಗೂ ಒಂದು ಸರದಿಯಲ್ಲಿ ಎರಡು ಕೆಲಸ. ನೀಲಿ ಗೆರೆಯ ಒಳಗೆ ನಡೆದರೆ ಒಂದು ಕೆಲಸ ಮುಗಿಯುತ್ತದೆ, ಇನ್ನೊಂದು ಉಳಿಯುತ್ತದೆ. ಹಳದಿ ಗೆರೆಯವರೆಗೆ ಓಡಿದರೆ ಎರಡೂ ಮುಗಿದವು. ಗುಂಡು ಹಾರಿಸಿದರೆ ಸಾಮಾನ್ಯವಾಗಿ ಆ ಸೈನಿಕನ ಸರದಿಯೇ ಮುಗಿಯುತ್ತದೆ. ಹಾಗಾಗಿ ಮೊದಲು ನಡೆ, ಆಮೇಲೆ ಗುಂಡು.

ಕವರ್ ಅಂದರೆ ಮರೆ. ಎಲ್ಲಿಗೆ ಹೋಗಬೇಕು ಅಂತ ಮೌಸ್ ಇಟ್ಟಾಗ ಅಲ್ಲಿ ಗುರಾಣಿಯ ಚಿಹ್ನೆ ಕಾಣುತ್ತದೆ. ಅರ್ಧ ತುಂಬಿದ ಗುರಾಣಿ ಅಂದರೆ ಸೊಂಟದೆತ್ತರದ ಮರೆ, ಎದುರಾಳಿಯ ಗುರಿಯಿಂದ 20 ಕಳೆಯುತ್ತದೆ. ಪೂರ್ತಿ ತುಂಬಿದ ಗುರಾಣಿ ಅಂದರೆ ಆಳೆತ್ತರದ ಮರೆ, 40 ಕಳೆಯುತ್ತದೆ. ಮರೆಗೆ ದಿಕ್ಕು ಇದೆ. ಶತ್ರು ಪಕ್ಕದಿಂದ ಬಂದರೆ ಆ ಗೋಡೆ ಇದ್ದೂ ಇಲ್ಲದ ಹಾಗೆ. ಇದನ್ನು ಫ್ಲ್ಯಾಂಕ್ ಆಗುವುದು ಅನ್ನುತ್ತಾರೆ. ಆಗ ಮರೆಯ ಲಾಭ ಹೋಗುವುದಷ್ಟೇ ಅಲ್ಲ, ಕ್ರಿಟಿಕಲ್ ಏಟು, ಅಂದರೆ ಮಾಮೂಲಿಗಿಂತ ಜೋರಾದ ಏಟು ಬೀಳುವ ಸಾಧ್ಯತೆಯೂ ಏರುತ್ತದೆ. ನೀವು ಶತ್ರುವನ್ನು ಫ್ಲ್ಯಾಂಕ್ ಮಾಡಿದ್ದರೆ ಅವನ ತಲೆಯ ಚಿಹ್ನೆ ಹಳದಿ ಆಗುತ್ತದೆ. ಆ ಹಳದಿಯನ್ನು ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ: ಕಾರಿನ ಹಿಂದೆ ನಿಲ್ಲುವ ಮುಂಚೆ ಅದಕ್ಕೆ ಬೆಂಕಿ ಹತ್ತಿದೆಯಾ ನೋಡಿ. ಹತ್ತಿದ್ದರೆ ಸ್ವಲ್ಪ ಹೊತ್ತಿಗೆ ಸಿಡಿಯುತ್ತದೆ, ಪಕ್ಕದಲ್ಲಿದ್ದವರ ಸಮೇತ.

ಹಂತ 3: ಕಾಣಿಸಿಕೊಳ್ಳದೆ ಇರಿ

ಬಹಳಷ್ಟು ಮಿಷನ್‌ಗಳಲ್ಲಿ ನಿಮ್ಮ ತಂಡ ಕನ್ಸೀಲ್‌ಮೆಂಟ್ ಅನ್ನುವ ಸ್ಥಿತಿಯಲ್ಲಿ ಶುರು ಮಾಡುತ್ತದೆ. ಅಂದರೆ ಶತ್ರುವಿಗೆ ನೀವು ಬಂದಿರುವುದು ಇನ್ನೂ ಗೊತ್ತಿಲ್ಲ. ಕಣ್ಣಿನ ಗುರುತಿರುವ ಕೆಂಪು ಚೌಕಗಳಿಗೆ ಕಾಲಿಟ್ಟರೆ ಸಿಕ್ಕಿಬೀಳುತ್ತೀರಿ. ಕಿಟಕಿಯ ಗಾಜು ಒಡೆದು ನುಗ್ಗಿದರೂ ಅಷ್ಟೇ. ಹೊಸಬರು ಎಡವುವುದು ಇಲ್ಲೇ. ದಾರಿಯ ಗೆರೆ ಕಿಟಕಿಯ ಮೂಲಕ ಹೋಗುತ್ತಿದೆಯಾ ಅಂತ ನೋಡದೆ ಕ್ಲಿಕ್ ಮಾಡಿಬಿಡುತ್ತಾರೆ. ದೂರದ ಜಾಗಕ್ಕೆ ಒಂದೇ ಸಲ ಕ್ಲಿಕ್ ಮಾಡುವ ಬದಲು, ಚಿಕ್ಕ ಚಿಕ್ಕ ನಡೆಗಳಲ್ಲಿ ಹೋಗಿ.

ಕಾಣಿಸಿಕೊಳ್ಳದೆ ಇರುವುದರ ದೊಡ್ಡ ಲಾಭ ಹೊಂಚು ದಾಳಿ. ಅದನ್ನು ಹೀಗೆ ಮಾಡಿ:

1. ಶತ್ರುಗಳ ಗುಂಪು ಕಂಡ ಕೂಡಲೇ ನಿಲ್ಲಿ. ಅವರು ಯಾವ ಕಡೆ ನಡೆಯುತ್ತಾರೆ ಅಂತ ಒಂದು ಸರದಿ ಸುಮ್ನೆ ನೋಡಿ.
2. ನಿಮ್ಮವರನ್ನೆಲ್ಲ ಒಳ್ಳೆಯ ಮರೆಗೆ, ಸಾಧ್ಯವಾದರೆ ಎತ್ತರಕ್ಕೆ ತನ್ನಿ. ಎತ್ತರದಿಂದ ಕೆಳಗೆ ಹೊಡೆದರೆ ಗುರಿಗೆ 20 ಸೇರುತ್ತದೆ.
3. ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಓವರ್‌ವಾಚ್‌ಗೆ ಹಾಕಿ. ಓವರ್‌ವಾಚ್ ಅಂದರೆ ಬಂದೂಕು ಹಿಡಿದು ಕಾಯುವುದು. ಶತ್ರು ಅಲ್ಲಾಡಿದರೆ ತಾನಾಗಿಯೇ ಗುಂಡು ಹಾರುತ್ತದೆ.
4. ಉಳಿದ ಒಬ್ಬರು ಗ್ರೆನೇಡ್ ಎಸೆಯಲಿ ಅಥವಾ ಗುಂಡು ಹಾರಿಸಲಿ. ಶತ್ರುಗಳು ಮರೆಗೆ ಓಡುತ್ತಾರೆ, ಓಡುವಾಗ ನಿಮ್ಮವರ ಗುಂಡುಗಳಿಗೆ ಸಿಗುತ್ತಾರೆ.

ಮೂರು ಜನರ ಗುಂಪೊಂದು ಹೀಗೆ ಒಂದೇ ಸರದಿಯಲ್ಲಿ ಮುಗಿಯುವುದನ್ನು ನೋಡಿದಾಗ ಈ ಆಟದ ರುಚಿ ಹತ್ತುತ್ತದೆ. ನನ್ನ ಪ್ರಕಾರ ಇಡೀ ಆಟದಲ್ಲಿ ಇದಕ್ಕಿಂತ ಖುಷಿ ಕೊಡುವ ಗಳಿಗೆ ಇಲ್ಲ.

ಆದರೆ ಕೆಲವು ಮಿಷನ್‌ಗಳಿಗೆ ಗಡುವು ಇದೆ. ಇಷ್ಟು ಸರದಿಯೊಳಗೆ ಹ್ಯಾಕ್ ಮಾಡಬೇಕು, ಇಲ್ಲವೇ ಯಾರನ್ನೋ ಬಿಡಿಸಿಕೊಂಡು ಬರಬೇಕು. ಅಲ್ಲಿ ಪರ್ಫೆಕ್ಟ್ ಹೊಂಚಿಗಾಗಿ ಕಾಯುತ್ತಾ ಕೂತರೆ ಸಮಯ ಮುಗಿಯುತ್ತದೆ. ಮೊದಲ ಎರಡು ಮೂರು ಸರದಿ, ಇನ್ನೂ ಯಾರಿಗೂ ಕಾಣದಿರುವಾಗಲೇ, ಬೇಗ ಬೇಗ ಮುಂದೆ ಹೋಗಿಬಿಡಿ.

ಹಂತ 4: ಕದನ ಶುರುವಾದ ಮೇಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಸೋಲು ಗೆಲುವು ತೀರ್ಮಾನವಾಗುವುದು ಇಲ್ಲೇ.

ಶತ್ರುಗಳು ಗುಂಪುಗುಂಪಾಗಿ ಇರುತ್ತಾರೆ. ಆಟಗಾರರು ಇದನ್ನು ಪಾಡ್ ಅನ್ನುತ್ತಾರೆ. ಒಂದು ಪಾಡ್ ನಿಮ್ಮನ್ನು ಕಂಡ ಕೂಡಲೇ ಅದರಲ್ಲಿರುವವರಿಗೆ ಮರೆಗೆ ಓಡಲು ಪುಕ್ಕಟೆ ನಡೆ ಸಿಗುತ್ತದೆ. ಅದು ನಿಮ್ಮ ಸರದಿಯ ಶುರುವಿನಲ್ಲಿ ಆದರೆ ತೊಂದರೆ ಇಲ್ಲ, ಎಲ್ಲರ ಹತ್ತಿರವೂ ಇನ್ನೂ ಕೆಲಸ ಉಳಿದಿರುತ್ತದೆ. ಕೊನೆಯ ಸೈನಿಕನನ್ನು ನಡೆಸಿದಾಗ ಆದರೆ? ನಿಮ್ಮ ಕೈ ಖಾಲಿ, ಮುಂದಿನ ಸರದಿ ಪೂರ್ತಿ ಅವರದು.

ಅದಕ್ಕೇ ಮೊದಲ ನಿಯಮ: ಕೊನೆಯ ಸೈನಿಕನನ್ನು ಇನ್ನೂ ನೋಡಿರದ ಕತ್ತಲೆ ಜಾಗದ ಕಡೆ ನಡೆಸಬೇಡಿ. ಮೊದಲನೆಯವನು ಎಲ್ಲಿಯವರೆಗೆ ಹೋಗಿದ್ದಾನೋ, ಉಳಿದವರು ಅವನ ಹಿಂದೆ ಅಥವಾ ಅವನ ಸಾಲಿನಲ್ಲೇ ನಿಲ್ಲಲಿ. ಗುಂಡಿನ ಕಾಳಗ ನಡೆಯುತ್ತಿರುವಾಗ ಒಬ್ಬನನ್ನು ಫ್ಲ್ಯಾಂಕ್ ಮಾಡಲು ದೂರ ಓಡಿ, ಎರಡನೇ ಪಾಡ್ ಅನ್ನೂ ಎಬ್ಬಿಸಿಕೊಳ್ಳುವುದೇ ತಂಡಗಳು ಪೂರ್ತಿ ಸಾಯುವುದಕ್ಕೆ ದೊಡ್ಡ ಕಾರಣ.

ಎರಡನೇ ನಿಯಮ: ಮೊದಲು ತಪ್ಪದ ಕೆಲಸ, ಆಮೇಲೆ ತಪ್ಪಬಹುದಾದ ಕೆಲಸ. ಉದಾಹರಣೆ ನೋಡೋಣ. ನಿಮ್ಮ ಹೊಸ ಸೈನಿಕನ ಗುರಿ 65. ಎದುರಿಗಿರುವ ಅಡ್ವೆಂಟ್ ಸೈನಿಕ ಆಳೆತ್ತರದ ಗೋಡೆಯ ಮರೆಯಲ್ಲಿದ್ದಾನೆ. ದೂರ ಹತ್ತಿರದ ಲೆಕ್ಕ ಬಿಟ್ಟರೆ, 65ರಲ್ಲಿ 40 ಹೋಗಿ ಉಳಿಯುವುದು 25. ಇದನ್ನು ಹಾರಿಸುವುದು ಗುಂಡು ದಂಡ. ಈಗ ಇನ್ನೊಬ್ಬ ಸೈನಿಕ ಗ್ರೆನೇಡ್ ಎಸೆಯುತ್ತಾನೆ. ಗ್ರೆನೇಡ್ ತಪ್ಪುವ ಮಾತೇ ಇಲ್ಲ. ಶತ್ರುವಿಗೆ ಗಾಯ ಆಗುತ್ತದೆ, ಸಾಮಾನ್ಯವಾಗಿ ಅವನ ಮರೆಯೂ ಒಡೆದುಹೋಗುತ್ತದೆ. ಅದೇ ಸೈನಿಕ, ಅದೇ ಬಂದೂಕು, ಈಗ 65. ಅವನು ಮಹಡಿಯ ಮೇಲಿದ್ದರೆ 85. ಇಬ್ಬರು ತಲಾ 65ರಲ್ಲಿ ಹೊಡೆದರೂ, ಒಂದಾದರೂ ತಾಗುವ ಸಾಧ್ಯತೆ ಹತ್ತಿರ ಹತ್ತಿರ 88. ಅದೃಷ್ಟ ಬದಲಾಗಲಿಲ್ಲ, ಕೆಲಸದ ಕ್ರಮ ಬದಲಾಯಿತು, ಅಷ್ಟೇ.

ಹಾಗಾಗಿ ಪ್ರತಿ ಸರದಿಯಲ್ಲೂ ಈ ಕ್ರಮ ಇಟ್ಟುಕೊಳ್ಳಿ. ಮೊದಲು ಗ್ರೆನೇಡ್ ಥರದ ಖಚಿತ ಏಟು. ಆಮೇಲೆ ಜಾಸ್ತಿ ಪರ್ಸೆಂಟ್ ಇರುವ ಗುಂಡು. ಆಮೇಲೆ ಕಡಿಮೆ ಇರುವುದು. ಪ್ರತಿ ಗುಂಡಿನ ನಂತರ ಮತ್ತೆ ಯೋಚಿಸಿ. ಒಬ್ಬ ಶತ್ರು ಅಂದುಕೊಂಡದ್ದಕ್ಕಿಂತ ಬೇಗ ಸತ್ತರೆ, ಉಳಿದವರ ಕೆಲಸ ಬದಲಾಗುತ್ತದೆ ಅಲ್ವಾ? ಗ್ರೆನೇಡ್‌ಗಳನ್ನು "ಮುಂದೆ ಬೇಕಾಗಬಹುದು" ಅಂತ ಉಳಿಸಿಕೊಂಡು ಮಿಷನ್ ಮುಗಿಸುವವರು ತುಂಬಾ ಜನ. ಮಿಷನ್ ಮುಗಿದ ಮೇಲೆ ಅವು ಹೇಗೂ ಮತ್ತೆ ತುಂಬುತ್ತವೆ. ಎಸೆದುಬಿಡಿ.

ಮೂರು ಜನರಿಗೆ ತಲಾ ಒಂದು ಗಾಯ ಮಾಡುವುದಕ್ಕಿಂತ ಒಬ್ಬನನ್ನು ಪೂರ್ತಿ ಮುಗಿಸುವುದು ಮೇಲು. ಗಾಯಗೊಂಡ ಶತ್ರುವೂ ಮುಂದಿನ ಸರದಿಯಲ್ಲಿ ಅಷ್ಟೇ ಜೋರಾಗಿ ಹೊಡೆಯುತ್ತಾನೆ.

ಶುರುವಿನಲ್ಲಿ ಸಿಗುವ ಸೈನಿಕರ ವರ್ಗಗಳು ನಾಲ್ಕು. ಹೊಸಬ ಮೊದಲ ಬಡ್ತಿ ಪಡೆದಾಗ ಇವುಗಳಲ್ಲಿ ಒಂದಕ್ಕೆ ಸೇರುತ್ತಾನೆ. ರೇಂಜರ್‌ಗೆ ಬಂದೂಕಿನ ಜೊತೆ ಕತ್ತಿ ಇದೆ. ಕತ್ತಿ ಹಿಡಿದು ದೂರ ಓಡಿಹೋಗಿ ಹೊಡೆಯುವುದು ನೋಡಲು ಚೆಂದ, ಆದರೆ ಅದೇ ಓಟದಲ್ಲಿ ಹೊಸ ಪಾಡ್ ಎದ್ದರೆ ಗತಿ ಇಲ್ಲ. ಗ್ರೆನೇಡಿಯರ್ ಹತ್ತಿರ ಗ್ರೆನೇಡ್ ಉಡಾಯಿಸುವ ಲಾಂಚರ್ ಇದೆ. ಮೊದಲ ಆಟದಲ್ಲಿ ನಿಮ್ಮನ್ನು ಕಾಪಾಡುವವರು ಇವರೇ, ಇಬ್ಬರಿದ್ದರೂ ಜಾಸ್ತಿ ಆಗಲಿಲ್ಲ. ಸ್ಪೆಷಲಿಸ್ಟ್ ಜೊತೆ ಗ್ರೆಮ್ಲಿನ್ ಅನ್ನುವ ಪುಟ್ಟ ಡ್ರೋನ್ ಇರುತ್ತದೆ. ದೂರದಿಂದಲೇ ಹ್ಯಾಕ್ ಮಾಡಬಹುದು, ಮುಂದೆ ಕಲಿಸಿದರೆ ಚಿಕಿತ್ಸೆಯನ್ನೂ ಕೊಡಬಹುದು. ಶಾರ್ಪ್‌ಶೂಟರ್ ಸ್ನೈಪರ್ ಬಂದೂಕಿನಲ್ಲಿ ಹೊಡೆಯಲು ಎರಡೂ ಕೆಲಸ ಬೇಕು, ಅಂದರೆ ನಡೆದ ಸರದಿಯಲ್ಲಿ ಅದರಿಂದ ಹೊಡೆಯಲು ಆಗುವುದಿಲ್ಲ. ಗಡುವಿರುವ ಮಿಷನ್‌ಗೆ ಇಬ್ಬರು ಶಾರ್ಪ್‌ಶೂಟರ್ ಕರೆದುಕೊಂಡು ಹೋಗಬೇಡಿ.

ಹಂತ 5: ಶುರುವಿನಲ್ಲೇ ಕಾಡುವ ಮೂವರು

ಸೆಕ್ಟಾಯ್ಡ್. ಮನಸ್ಸಿನ ಶಕ್ತಿಯಿಂದ ಆಡುವ ಜೀವಿ. ನಿಮ್ಮ ಸೈನಿಕರನ್ನು ಹೆದರಿಸುತ್ತದೆ, ತನ್ನ ವಶಕ್ಕೆ ತಗೊಳ್ಳುತ್ತದೆ, ಸತ್ತವರನ್ನು ಎಬ್ಬಿಸುತ್ತದೆ. ಎದ್ದ ಶವಗಳಿಗೆ ಗುಂಡು ಹಾಳು ಮಾಡಬೇಡಿ. ಸೆಕ್ಟಾಯ್ಡ್ ಸತ್ತರೆ ಅವೂ ಬೀಳುತ್ತವೆ, ವಶವಾದ ಸೈನಿಕನೂ ಮರಳುತ್ತಾನೆ. ಇದಕ್ಕೆ ಕತ್ತಿ ಏಟು ಜಾಸ್ತಿ ನಾಟುತ್ತದೆ. ಇನ್ನೊಂದು ಮದ್ದು ಫ್ಲ್ಯಾಶ್‌ಬ್ಯಾಂಗ್, ಅಂದರೆ ಕಣ್ಣು ಕುಕ್ಕುವ ಗ್ರೆನೇಡ್. ಅದು ಬಿದ್ದರೆ ಇದರ ಮನಸ್ಸಿನ ಆಟ ನಿಂತುಹೋಗುತ್ತದೆ. ಶುರುವಿನ ಮಿಷನ್‌ಗಳಿಗೆ ಒಂದಾದರೂ ಫ್ಲ್ಯಾಶ್‌ಬ್ಯಾಂಗ್ ಇಟ್ಟುಕೊಳ್ಳಿ.

ಸ್ಟನ್ ಲಾನ್ಸರ್. ಬಹಳ ದೂರದಿಂದ ಓಡಿಬಂದು ಕೋಲಿನಲ್ಲಿ ಹೊಡೆಯುತ್ತಾನೆ, ಕೆಲವೊಮ್ಮೆ ಸೈನಿಕ ಮೂರ್ಛೆ ಹೋಗುತ್ತಾನೆ. ಕೈಯೇಟಿಗೆ ನಿಮ್ಮ ಮರೆ ಅಡ್ಡ ಬರುವುದಿಲ್ಲ. ಇವನು ಕಂಡರೆ ಮೊದಲು ಇವನನ್ನೇ ಮುಗಿಸಿ.

ವೈಪರ್. ಹಾವಿನಂಥ ಜೀವಿ. ನಾಲಿಗೆ ಚಾಚಿ ಸೈನಿಕನನ್ನು ಮರೆಯಿಂದ ಎಳೆದು ಸುತ್ತಿಕೊಳ್ಳುತ್ತದೆ. ಅದಕ್ಕೆ ಏಟು ಬಿದ್ದರೆ ಬಿಡುತ್ತದೆ. ಹಾಗಾಗಿ ಒಬ್ಬೊಬ್ಬರೇ ದೂರ ದೂರ ನಿಲ್ಲಬೇಡಿ.

ಹಂತ 6: ಸಾವನ್ನು ಲೆಕ್ಕಕ್ಕೆ ತಗೊಳ್ಳಿ

ಸತ್ತ ಸೈನಿಕ ಮರಳಿ ಬರುವುದಿಲ್ಲ. ಹೆಸರಿಟ್ಟು, ಬಟ್ಟೆಯ ಬಣ್ಣ ಆರಿಸಿ, ಬಡ್ತಿ ಕೊಟ್ಟು ಬೆಳೆಸಿದವರು ಹೋದಾಗ ನಿಜಕ್ಕೂ ಬೇಜಾರಾಗುತ್ತದೆ. ಆದರೂ ಒಬ್ಬರು ಸತ್ತರು ಅಂತ ಇಡೀ ಆಟವನ್ನೇ ಬಿಟ್ಟು ಹೊಸದಾಗಿ ಶುರು ಮಾಡಬೇಡಿ. ಈ ಆಟ ಸೈನಿಕರ ಸಾವನ್ನು ಎಣಿಸಿಕೊಂಡೇ ಕಟ್ಟಿದ್ದು.

ಮಾಡಬೇಕಾದ್ದು ಎರಡು. ಒಂದು, ಪ್ರತಿ ಸುಲಭದ ಮಿಷನ್‌ಗೂ ಒಬ್ಬ ಹೊಸಬನನ್ನು ಕರೆದುಕೊಂಡು ಹೋಗಿ. ಗಾಯಗೊಂಡವರು ಎಷ್ಟೋ ದಿನ ಹಾಸಿಗೆಯಲ್ಲಿರುತ್ತಾರೆ. ಆಗ ಎರಡನೇ ತಂಡ ಇಲ್ಲದಿದ್ದರೆ ಕಷ್ಟ. ಎರಡು, ವಾಪಸ್ ಬರುವುದನ್ನು ಕಲಿಯಿರಿ. ಹಲವು ಮಿಷನ್‌ಗಳಲ್ಲಿ ಇವ್ಯಾಕ್ ಅನ್ನುವ ಜಾಗ ಗುರುತಿಸಿ, ತಂಡವನ್ನು ವಾಪಸ್ ಕರೆದೊಯ್ಯುವ ವಿಮಾನವನ್ನು ಕರೆಸಿಕೊಳ್ಳಬಹುದು. ನೆಲಕ್ಕೆ ಬಿದ್ದು ರಕ್ತ ಸುರಿಯುತ್ತಿರುವವರನ್ನು ಹೊತ್ತುಕೊಂಡು ಅಲ್ಲಿಗೆ ತಂದರೆ ಅವರೂ ಉಳಿಯುತ್ತಾರೆ. ಒಂದು ಮಿಷನ್ ಸೋತು ನಾಲ್ವರನ್ನು ಉಳಿಸಿಕೊಳ್ಳುವುದು, ಮಿಷನ್ ಗೆದ್ದು ಮೂವರನ್ನು ಕಳೆದುಕೊಳ್ಳುವುದಕ್ಕಿಂತ ಒಳ್ಳೆಯದು.

ಹಂತ 7: ಹಡಗಿನಲ್ಲಿ ಏನು ಮೊದಲು?

ಕೋಣೆ ಕಟ್ಟುವ ಮುಂಚೆ ಆ ಜಾಗದ ಕಸ ತೆರವು ಮಾಡಬೇಕು. ಅದಕ್ಕೆ ಎಂಜಿನಿಯರ್ ಬೇಕು. ಶುರುವಿನಲ್ಲಿ ಎಂಜಿನಿಯರ್‌ಗಳು ಬಂಗಾರ. ಬಹುಮಾನವಾಗಿ ಎಂಜಿನಿಯರ್ ಸಿಗುವ ಮಿಷನ್ ಕಂಡರೆ ಅದನ್ನೇ ಆರಿಸಿ.

ಮೊದಲ ಕಟ್ಟಡ ಗೆರಿಲ್ಲಾ ಟ್ಯಾಕ್ಟಿಕ್ಸ್ ಸ್ಕೂಲ್ ಆಗಲಿ. ಹೊಸಬರನ್ನು ನಿಮಗೆ ಬೇಕಾದ ವರ್ಗಕ್ಕೆ ತರಬೇತಿ ಕೊಡಬಹುದು. ಅದಕ್ಕಿಂತ ಮುಖ್ಯವಾಗಿ, ತಂಡದ ಗಾತ್ರ ಹೆಚ್ಚಿಸುವ ಆಯ್ಕೆ ಇಲ್ಲೇ ಸಿಗುವುದು. ಶುರುವಿನಲ್ಲಿ ನಾಲ್ಕು ಜನ, ಕೊನೆಗೆ ಆರು. ಒಬ್ಬ ಸೈನಿಕ ಸಾಕಷ್ಟು ಬಡ್ತಿ ಪಡೆದ ಕೂಡಲೇ ಐದನೆಯ ಜಾಗವನ್ನು ಕೊಂಡುಕೊಳ್ಳಿ. ಬೇರೆ ಯಾವ ಖರ್ಚೂ ಇದಕ್ಕಿಂತ ಮೇಲಲ್ಲ.

ಸಂಶೋಧನೆಯಲ್ಲಿ ಬಂದೂಕಿನ ದಾರಿ ಹಿಡಿಯಿರಿ. ಮಾಡ್ಯುಲರ್ ವೆಪನ್ಸ್, ಅದರ ಹಿಂದೆ ಮ್ಯಾಗ್ನೆಟಿಕ್ ವೆಪನ್ಸ್. ನಂತರ ರಕ್ಷಾಕವಚ. ಶತ್ರುಗಳ ಬಲ ವಾರ ವಾರಕ್ಕೂ ಏರುತ್ತದೆ, ಹಳೆಯ ಬಂದೂಕಿನಲ್ಲೇ ಉಳಿದರೆ ಕದನಗಳು ಎಳೆಯುತ್ತಾ ಹೋಗುತ್ತವೆ.

ಹಂತ 8: ಭೂಪಟ ಮತ್ತು ಕೆಂಪು ಚೌಕಗಳು

ತೆರೆಯ ಮೇಲ್ಭಾಗದಲ್ಲಿ ಕೆಂಪು ಚೌಕಗಳ ಸಾಲೊಂದು ತುಂಬುತ್ತಾ ಹೋಗುತ್ತದೆ. ಅದು ಅವತಾರ್ ಪ್ರಾಜೆಕ್ಟ್, ಶತ್ರುಗಳ ಗುಟ್ಟಿನ ಯೋಜನೆ. ಇದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಸಾಲು ತುಂಬಿದರೂ ಆಟ ಅಲ್ಲಿಗೇ ಮುಗಿಯುವುದಿಲ್ಲ. ಕೊನೆಯ ಗಡುವೊಂದು ಶುರುವಾಗುತ್ತದೆ. ಅಷ್ಟರೊಳಗೆ ಶತ್ರುವಿನ ಒಂದು ಕೇಂದ್ರವನ್ನು ಸ್ಫೋಟಿಸಿದರೆ ಚೌಕಗಳು ಇಳಿಯುತ್ತವೆ, ಗಡುವೂ ನಿಲ್ಲುತ್ತದೆ.

ಆದರೆ ಆ ಕೇಂದ್ರಗಳನ್ನು ತಲುಪಲು ದಾರಿ ಬೇಕು. ಇಂಟೆಲ್, ಅಂದರೆ ಗುಪ್ತ ಮಾಹಿತಿ, ಕೊಟ್ಟು ಹೊಸ ಪ್ರದೇಶಗಳ ಜೊತೆ ಸಂಪರ್ಕ ಬೆಳೆಸಬೇಕು. ಎಷ್ಟು ಪ್ರದೇಶಗಳು ಅನ್ನುವುದಕ್ಕೆ ಮಿತಿ ಇದೆ, ಅದನ್ನು ಹೆಚ್ಚಿಸುವುದು ರೆಸಿಸ್ಟೆನ್ಸ್ ಕಾಮ್ಸ್ ಕೋಣೆ. ಇಂಟೆಲ್ ಅನ್ನು ಕಪ್ಪು ಮಾರುಕಟ್ಟೆಯಲ್ಲಿ ಸುರಿಯುವ ಮುಂಚೆ, ಹತ್ತಿರದ ಕೇಂದ್ರಕ್ಕೆ ಇನ್ನೂ ಎಷ್ಟು ಪ್ರದೇಶ ದಾಟಬೇಕು ಅಂತ ನೋಡಿ. ಸಂಪರ್ಕ ಜಾಸ್ತಿ ಆದಷ್ಟೂ ತಿಂಗಳಿಗೊಮ್ಮೆ ಬರುವ ಸಾಮಗ್ರಿಯೂ ಜಾಸ್ತಿ. ಅದನ್ನು ನೀವೇ ಹಡಗು ಹಾರಿಸಿಕೊಂಡು ಹೋಗಿ ತರಬೇಕು, ಮರೆಯಬೇಡಿ.

ಹಂತ 9: ಸ್ಕಲ್‌ಜ್ಯಾಕ್ ಬಳಸುವ ಮುಂಚೆ

ಕಥೆ ಮುಂದುವರಿಯಬೇಕಾದರೆ ಒಬ್ಬ ಅಡ್ವೆಂಟ್ ಅಧಿಕಾರಿಯ ತಲೆಗೆ ಸ್ಕಲ್‌ಜ್ಯಾಕ್ ಅನ್ನುವ ಸಾಧನ ಚುಚ್ಚಿ ಮಾಹಿತಿ ಕದಿಯಬೇಕು. ಗೇಮ್ ಇದನ್ನು ಮಾಮೂಲಿ ಕೆಲಸದ ಹಾಗೆ ಹೇಳುತ್ತದೆ. ಆದರೆ ಚುಚ್ಚಿದ ಕೂಡಲೇ ಅಲ್ಲೇ ಕೋಡೆಕ್ಸ್ ಅನ್ನುವ ಹೊಸ ಶತ್ರು ಎದ್ದು ನಿಲ್ಲುತ್ತದೆ. ಏಟು ಬಿದ್ದರೆ ಒಂದು ಎರಡಾಗುತ್ತದೆ. ಆಮೇಲೆ ಇನ್ನೊಂದು ಕೋಡೆಕ್ಸ್‌ಗೆ ಚುಚ್ಚುವ ಹಂತ ಬರುತ್ತದೆ, ಆಗ ಏಳುವ ಶತ್ರು ಇನ್ನೂ ಬಲಶಾಲಿ.

ಹಾಗಾಗಿ ಇದನ್ನು ಗಡುವಿಲ್ಲದ ಮಿಷನ್‌ಗೆ ಇಟ್ಟುಕೊಳ್ಳಿ. ಬೇರೆ ಎಲ್ಲ ಪಾಡ್‌ಗಳು ಮುಗಿದಿರಲಿ, ಒಬ್ಬ ಅಧಿಕಾರಿ ಮಾತ್ರ ಉಳಿದಿರಲಿ. ಎಲ್ಲರ ಬಂದೂಕಿನಲ್ಲೂ ಗುಂಡು ತುಂಬಿರಲಿ, ಒಂದೆರಡು ಗ್ರೆನೇಡ್ ಉಳಿದಿರಲಿ. ಚುಚ್ಚುವ ಕೆಲಸವನ್ನು ಆ ಸರದಿಯ ಮೊದಲ ಕೆಲಸವಾಗಿ ಮಾಡಿ, ಉಳಿದವರೆಲ್ಲರ ಎರಡೆರಡು ಕೆಲಸ ಕೈಯಲ್ಲಿರುವಾಗಲೇ. ಮ್ಯಾಗ್ನೆಟಿಕ್ ಬಂದೂಕುಗಳು ಇನ್ನೂ ಬಂದಿಲ್ಲ ಅಂದರೆ ಕಾಯಿರಿ. ಆ ಅಧಿಕಾರಿಯನ್ನು ಈ ಸಲ ಮಾಮೂಲಿ ಗುಂಡಿನಲ್ಲೇ ಮುಗಿಸಿ, ಮುಂದಿನ ಮಿಷನ್‌ಗಳಲ್ಲಿ ಅಧಿಕಾರಿಗಳು ಬೇಕಾದಷ್ಟು ಸಿಗುತ್ತಾರೆ.